ನಾನು ಕೈ ಎತ್ತಿದೆ, ಮಷೀನು ಎದ್ದಿತು

ನನ್ನ ಮೊಮ್ಮಗಳು ಕ್ರೇನ್ ಓಡಿಸೋ ಪರೀಕ್ಷೆ ಪಾಸಾದಳು. ಇವತ್ತು ಬೆಳಿಗ್ಗೆ, ಕೃಷ್ಣರಾಜಪುರ ದಾಟಿದ ಮೇಲೆ ಸಿಗೋ ತರಬೇತಿ ಯಾರ್ಡಿನಲ್ಲಿ, ನನ್ನ ಕಣ್ಣೆದುರಿಗೇ. ಬಸ್ಸಲ್ಲಿ ವಾಪಸ್ ಬರುವಾಗ ಕಂಡಕ್ಟರಿಗೆ ಹೇಳಿದೆ, ಮುಂದಿನ ಸೀಟಿನ ಹೂವಿನ ಅಮ್ಮನಿಗೆ ಹೇಳಿದೆ, ಹಲಸೂರಲ್ಲಿ ಇಳಿದು ಇಸ್ತ್ರಿ ಅಂಗಡಿಯವನಿಗೆ ಎರಡು ಸಲ ಹೇಳಿದೆ. "ಆಗಲೇ ಹೇಳಿದ್ರಲ್ಲ ಯಜಮಾನ್ರೇ" ಅಂದ. ಇನ್ನೊಂದು ಸಲ ಕೇಳಿಸಿಕೊಂಡರೆ ಅವನ ಇಸ್ತ್ರಿಪೆಟ್ಟಿಗೆ ಆರಿಹೋಗ್ತದಾ? ಇನ್ನು ಬೀದಿಯಲ್ಲಿ ಹೇಳೋಕೆ ಯಾರೂ ಉಳಿದಿಲ್ಲ. ಅದಕ್ಕೇ ಬರೆಯೋಕೆ ಕೂತಿದ್ದೀನಿ. ಓದಿರೋದು ಮೂರನೇ ಕ್ಲಾಸು, ಅಕ್ಷರ ಸೊಟ್ಟಗಿದ್ದರೆ ಇರಲಿ.

ಕ್ರೇನಿನ ಜೊತೆ ನಾನೂ ಮೂವತ್ತು ವರ್ಷ ಬಾಳಿದವನು. ಓಡಿಸಿದವನಲ್ಲ, ಕೆಳಗೆ ನಿಂತು ಸಿಗ್ನಲ್ ಕೊಟ್ಟವನು. ಮೇಲೆ ಕ್ಯಾಬಿನ್ನಲ್ಲಿ ಕೂತವನಿಗೆ ಕೊಕ್ಕೆಯ ಕೆಳಗೇನಿದೆ ಅಂತ ಕಾಣಲ್ಲ. ಅವನಿಗೆ ಕಣ್ಣು ಅಂದರೆ ಕೆಳಗಿನವನ ಕೈ. ತೋಳೆತ್ತಿದರೆ ಮೇಲೆ, ತೋಳಿಳಿಸಿದರೆ ಕೆಳಗೆ, ಅಂಗೈ ಹರಡಿದರೆ ನಿಲ್ಲು. ಹಾಗಾಗಿ ಆ ಕೆಲಸದಲ್ಲಿ ಮೂಗಿನ ಮೇಲೆ ನೊಣ ಕೂತರೂ ಕೂತಿರಲಿ ಅಂತ ಬಿಡಬೇಕು.

ನೊಣಾನ ನಾನು ಬಿಟ್ಟಿದ್ದೆ. ಮಾವನ್ನ ಬಿಡೋಕೆ ಆಗಲಿಲ್ಲ.

ಆಗ ಇನ್ನೂ ಮಾವ ಆಗಿರಲಿಲ್ಲ, ಹುಡುಗನ್ನ ನೋಡೋಕೆ ಬಂದಿದ್ದರು. ಹುಡುಗ ಮನೇಲಿ ಹೇಗಿದ್ರೂ ಚೆನ್ನಾಗೇ ಇರ್ತಾನೆ, ಕೆಲಸದ ಜಾಗದಲ್ಲಿ ನೋಡಬೇಕು ಅಂತ ಅವರ ಲೆಕ್ಕ. ಶಿವಾಜಿನಗರದ ಒಂದು ಇಕ್ಕಟ್ಟು ಗಲ್ಲಿಯಲ್ಲಿ ಅಚ್ಚಿನ ಮಷೀನನ್ನ ಮೊದಲನೇ ಮಹಡಿಗೆ ಏರಿಸ್ತಾ ಇದ್ದೆವು. ಹಗ್ಗ ಇನ್ನೂ ಸರಿಯಾಗಿ ಬಿಗಿದಿರಲಿಲ್ಲ. ಗಲ್ಲಿಯ ಬಾಯಲ್ಲಿ ಬಿಳಿ ಪಂಚೆ ಕಂಡಿತು. ಹೆಣ್ಣು ಕೊಡೋ ದೊಡ್ಡ ಮನುಷ್ಯ ಎದುರಿಗೆ ಬಂದರೆ ಕೈ ತಾನಾಗೇ ಏಳುತ್ತೆ. ತಲೆ ಮೇಲೆ ಕೈ ಎತ್ತಿ ನಮಸ್ಕಾರ ಮಾಡಿದೆ. ಮೇಲಿನ ಡ್ರೈವರಣ್ಣ ಮಷೀನು ಎತ್ತಿದ.

ಮಷೀನು ಒಂದೇ ಎದ್ದಿದ್ದರೆ ಪರವಾಗಿಲ್ಲ. ಪಕ್ಕದಲ್ಲಿ ನಿಲ್ಲಿಸಿದ್ದ ಮೇಸ್ತ್ರಿಯ ಸೈಕಲ್ಲಿಗೂ ಹಗ್ಗ ಸಿಕ್ಕಿಕೊಂಡು ಅದೂ ಎದ್ದಿತು. ಮಷೀನು ವಾಲಿ, ಟೀ ಅಂಗಡಿಯ ತಗಡಿನ ಸೂರನ್ನ ಹಪ್ಪಳದ ಹಾಗೆ ಮಡಚಿ ನಿಂತಿತು. ದೇವರು ದೊಡ್ಡವನು, ಕೆಳಗೆ ಯಾರೂ ಇರಲಿಲ್ಲ. ಡ್ರೈವರಣ್ಣ ತಮಿಳಲ್ಲಿ ನಮ್ಮ ವಂಶವನ್ನೆಲ್ಲ ವಿಚಾರಿಸಿಕೊಂಡ. ಮೇಸ್ತ್ರಿ ತಲೆ ಎತ್ತಿ ಸೈಕಲ್ಲನ್ನೇ ನೋಡ್ತಾ ನಿಂತಿದ್ದ. ಮಾವ ಮಾತ್ರ ಊರಿಗೆ ಹೋಗಿ, ಹುಡುಗನಿಗೆ ದೊಡ್ಡೋರು ಅಂದರೆ ಮರ್ಯಾದೆ ಇದೆ ಅಂತ ಹೇಳಿ ಹೆಣ್ಣು ಕೊಟ್ಟರು. ಆ ಹೆಣ್ಣು, ಅಂದರೆ ನನ್ನ ಹೆಂಡತಿ, ಆ ಮರ್ಯಾದೆ ಎಲ್ಲಿದೆ ಅಂತ ಇವತ್ತಿಗೂ ಹುಡುಕ್ತಾ ಇದ್ದಾಳೆ.

ಎಲ್ಲ ಸಲವೂ ನಗು ಬರಲಿಲ್ಲ. ಒಂದು ದಿನ ಕಬ್ಬಿಣದ ತೊಲೆ ಜಾರಿ ನನ್ನ ಎಡಗಾಲಿನ ಎರಡು ಬೆರಳು ಹೋದವು. ಆಸ್ಪತ್ರೆಯ ಮಂಚದ ಪಕ್ಕ ಕೂತಿದ್ದ ನನ್ನ ಮಗಳಿಗೆ ಆಗ ಎಂಟು ವರ್ಷ. ಈಗ ಅವಳ ಮಗಳೇ ಕ್ರೇನ್ ಹತ್ತುತ್ತೀನಿ ಅಂದಾಗ ಅವಳಿಗೆ ಹೇಗಾಗಿರಬೇಡ? ಹುಡುಗಿ ಎರಡು ಸಲ ಫೇಲಾಗಿದ್ದಳು, ಎರಡು ಸಲವೂ ಅವಸರಕ್ಕೇ. ಈ ಸಲವೂ ಫೇಲಾದರೆ ಕ್ರೇನಿನ ಮಾತೇ ಎತ್ತಬಾರದು, ಬಟ್ಟೆ ಅಂಗಡಿ ಕೆಲಸಕ್ಕೆ ಸೇರಬೇಕು ಅಂತ ಮಗಳು ಕಟ್ಟಪ್ಪಣೆ ಮಾಡಿದ್ದಳು.

ನಾನೂ ಬರ್ತೀನಿ ಅಂದೆ. ಮೊಮ್ಮಗಳಿಗೆ ಅಚ್ಚಿನ ಮಷೀನಿನ ಕಥೆ ಬಾಯಿಪಾಠ. "ತಾತ, ಬಾ. ಆದ್ರೆ ಎರಡೂ ಕೈ ಜೇಬಲ್ಲಿ ಇರ್ಬೇಕು" ಅಂದಳು. ಪಂಚೆಗೆಲ್ಲಿ ಜೇಬು? ಅವರಪ್ಪನ ಪ್ಯಾಂಟು ಹಾಕಿಸಿದಳು. ನನ್ನ ಅಳಿಯ ಉಂಡು ಬೆಳೆದ ಮೈಯವನು. ಕೈ ಜೇಬಲ್ಲಿದ್ದರೇನೇ ಪ್ಯಾಂಟು ಸೊಂಟದಲ್ಲಿ ಇರ್ತಿತ್ತು.

ಯಾರ್ಡಿನಲ್ಲಿ ಕ್ರೇನಿನ ಕೊಕ್ಕೆಯಲ್ಲಿ ಒಂದು ಕಾಂಕ್ರೀಟಿನ ಗುಂಡು. ದಾರಿಯಲ್ಲಿ ನೆಟ್ಟ ಕಂಬಗಳಿಗೆ ತಾಗದ ಹಾಗೆ ಅದನ್ನ ತಂದು, ಸುಣ್ಣದಲ್ಲಿ ಬರೆದ ವೃತ್ತದೊಳಗೆ ಇಳಿಸಬೇಕು. ಹುಡುಗಿ ಬೆಣ್ಣೆ ಜಾರಿದ ಹಾಗೆ ತಂದಳು. ವೃತ್ತಕ್ಕೆ ಇನ್ನು ಒಂದು ಮೊಳ. ನನ್ನ ಎದೆ ತುಂಬಿ ಬಂತು. ಯಲ್ಲಮ್ಮ ತಾಯಿ ಅಂತ ಎರಡೂ ಕೈ ಮೇಲೆ ಹೋದವು, ಪ್ಯಾಂಟು ಕೆಳಗೆ ಬಂತು.

ಕ್ರೇನು ಗಕ್ಕನೆ ನಿಂತಿತು.

ಪ್ಯಾಂಟು ಎಳೆದುಕೊಳ್ಳೋಕೂ ಕೈ ಬರಲಿಲ್ಲ ನನಗೆ. ಮುಗೀತು, ಮಗು ಬಟ್ಟೆ ಅಂಗಡಿ ಪಾಲು, ಮಾಡಿದವನು ನಾನೇ ಅನ್ನಿಸಿತು. ಪರೀಕ್ಷೆ ಮಾಡೋ ಸಾಹೇಬರು ನನ್ನ ಕಡೆ ಒಂದು ಸಲ ನೋಡಿ, ಯಾಕೆ ನಿಲ್ಲಿಸಿದೆ ಅಂತ ಅವಳನ್ನ ಕೇಳಿದರು.

ಅವಳು ಕ್ಯಾಬಿನ್ನಿಂದಲೇ ಹೇಳಿದಳು: "ಸಾರ್, ಅವರು ನಮ್ಮ ತಾತ. ಕೈ ಎತ್ತಿದ್ದು ದೇವರಿಗೋ ನನಗೋ ಗೊತ್ತಾಗ್ಲಿಲ್ಲ. ಗೊತ್ತಾಗ್ದಿದ್ರೆ ನಿಲ್ಲಿಸ್ಬೇಕು ಅಲ್ವಾ ಸಾರ್?"

ಸಾಹೇಬರು ಕಾಗದದಲ್ಲಿ ಏನೋ ಗೀಚಿ, ಇಳಿಸು ಅಂದರು. ಗುಂಡು ವೃತ್ತದ ನಟ್ಟನಡುವೆ ಕೂತಿತು. ಆಮೇಲೆ ನನ್ನ ಹತ್ತಿರ ಬಂದು, ಹೋದ ಸಲ ಕೆಳಗೆ ಒಬ್ಬ ಅಡ್ಡ ಬಂದರೂ ಇವಳು ನಿಲ್ಲಿಸಿರಲಿಲ್ಲ, ಇವತ್ತು ನಿಲ್ಲಿಸಿದ್ದಕ್ಕೇ ಪಾಸು ಮಾಡ್ತಿದ್ದೀನಿ, ಮೊದಲು ನೀವು ಒಂದು ಬೆಲ್ಟು ತಗೊಳ್ಳಿ ಅಂದರು.

ಸಂಜೆ ಮಗಳು ನಾಟಿಕೋಳಿ ಸಾರಿಗೆ ಮಸಾಲೆ ರುಬ್ಬಿದಳು. ಸಾರು ಕುದಿಯುವಾಗ ಅವಳು ಮೊಮ್ಮಗಳನ್ನ ಪಕ್ಕಕ್ಕೆ ಕರೆದು, ನಿಲ್ಲಿಸಿದೆಯಂತಲ್ಲ, ದಿನಾ ಹಾಗೇ ನಿಲ್ಲಿಸು ಅಂದದ್ದು ನನಗೆ ಕೇಳಿಸಿತು. ಎಲ್ಲರೂ ನೆಲದ ಮೇಲೆ ಸಾಲಾಗಿ ಊಟಕ್ಕೆ ಕೂತೆವು. ನನ್ನ ಹೆಂಡತಿ ಅಳಿಯನಿಗೆ ಪ್ಯಾಂಟಿನ ಕಥೆ ಮೂರನೇ ಸಲ ಹೇಳ್ತಾ ಇದ್ದಳು. ಎರಡು ಮುದ್ದೆ ಆಗಿತ್ತು ನನಗೆ. ಮಗಳು ಮತ್ತೆ ಬಂದಳು. ಅಂಗೈ ಹರಡಿ ನಿಲ್ಲು ಅಂದೆ. ಅವಳು ನೋಡೇ ಇಲ್ಲ ಅನ್ನೋ ಹಾಗೆ ಮೂರನೇ ಮುದ್ದೆ ತಟ್ಟೆಗೆ ಇಳಿಸಿ, ಮೇಲೆ ಸಾರು ಸುರಿದಳು.

"ಅಮ್ಮ ಫೇಲು" ಅಂದಳು ಮೊಮ್ಮಗಳು, ಕೋಳಿ ಮೂಳೆ ಚೀಪುತ್ತಾ.

ನಾನು ಮುದ್ದೆ ಮುರಿದೆ.