ಟೆನ್ಸಿ ತಂತಿ ಇಳಿಸಲು ಮರೆತ ದಿನ

ಈಗ ರೇಡಿಯೋದಲ್ಲಿ ಟೆನ್ಸಿ ಕಾಡಿಲ್ ಹೆಸರು ಬಂದರೆ ಸಾಕು, ನಮ್ಮ ಕಣಿವೆಯವರೆಲ್ಲ ಅವಳಿಗೆ ನಂಟರಾಗಿಬಿಡುತ್ತಾರೆ. ಆಗ ಎಲ್ಲಿ ಹೋಗಿದ್ದರೋ ಇವರೆಲ್ಲ! ಹನ್ನೆರಡರ ಹುಡುಗಿ ಮ್ಯಾಂಡೊಲಿನ್ ಹಿಡಿದು ಜಗಲಿಯಲ್ಲಿ ಕೂತರೆ, ನಾಯಿ ಊಳಿಡುತ್ತದೆಂದು ಬಾಗಿಲು ಹಾಕಿಕೊಳ್ಳುತ್ತಿದ್ದ ಮಹಾನುಭಾವರು. ನಾನು ವೆರ್ನಾ, ಅವಳ ಚಿಕ್ಕಮ್ಮ. ಅಂದಿನಿಂದಲೂ ಗಿಟಾರ್ ಹಿಡಿದು ಅವಳ ಹಿಂದೆ ನಿಂತವಳು ನಾನೊಬ್ಬಳೇ. ಹಾಗಾಗಿ ಈ ಕಥೆ ಹೇಳುವ ಹಕ್ಕು ನನ್ನದು.

ಪಿಟೀಲು ಕಲಿಸಿದ್ದು ನೆರೆಮನೆಯ ಆರ್ವೆಲ್ ಅಜ್ಜ. ಕಲ್ಲಿದ್ದಲ ಗಣಿಯಲ್ಲಿ ದುಡಿದು ಎದೆ ಕೆಡಿಸಿಕೊಂಡ ಮುದುಕ. ಮಾತಾಡಿದರೆ ಏದುಸಿರು, ಪಿಟೀಲು ಎತ್ತಿದರೆ ಹದಿನೆಂಟರ ಹುರುಪು. ಎರಡು ವಾದ್ಯಕ್ಕೂ ಬೆರಳಿಡುವ ಜಾಗ ಒಂದೇ ಆದ್ದರಿಂದ ಟೆನ್ಸಿ ಬೇಗ ಹಿಡಿದಳು. ಹತ್ತೊಂಬತ್ತಕ್ಕೆ ಎರಡರಲ್ಲೂ ಪಳಗಿದ್ದಳು.

ಆ ವರ್ಷ ಬ್ಲೂಗ್ರಾಸ್ ಎಂಬ ನಮ್ಮ ಬೆಟ್ಟದ ಸಂಗೀತ ನುಡಿಸುವ ರೂಫಸ್ ಹೆನ್ಸ್‌ಲಿಯ ತಂಡದಲ್ಲಿ ಪಿಟೀಲಿನ ಜಾಗ ಖಾಲಿಯಾಯಿತು. ರೂಫಸನ ಬ್ಯಾಂಜೊ ವಾದನವೆಂದರೆ ಬೆಟ್ಟದ ಆಚೆಗೂ ಹೆಸರು. ಆ ಜಾಗ ಸಿಕ್ಕರೆ ಬದುಕೆಲ್ಲ ಸಂಗೀತವೇ. ಸಿಗದಿದ್ದರೆ ಕೋಳಿ ಮಾಂಸದ ಕಾರ್ಖಾನೆಯ ಕೆಲಸ. ಟೆನ್ಸಿ ಹೋಗಿ ಕೇಳಿಯೇಬಿಟ್ಟಳು.

"ಮ್ಯಾಂಡೊಲಿನ್ ಸರಿ ಕಣಮ್ಮ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ. ಪಿಟೀಲಿಗೆ ಗಂಡಸಿನ ಮೊಣಕೈ ಬೇಕು," ಅಂದ ರೂಫಸ್. "ಆಗಸ್ಟ್‌ನ ಪಿಟೀಲು ಸ್ಪರ್ಧೇಲಿ ಗೆದ್ದು ತೋರ್ಸು, ಜಾಗ ನಿಂದು. ಇಲ್ಲಾಂದ್ರೆ ನನ್ನ ತಂಗಿ ಮಗ ಇದ್ದೇ ಇದಾನೆ."

"ನಿನ್ನ ತಂಗಿ ಮಗ ಬಾರಿಸಿದ್ರೆ ಬೇಲಿಗೆ ಮೊಳೆ ಹೊಡೆದಂಗಿರುತ್ತೆ," ಅಂದೆ ನಾನು. ಈ ಬಾಯಿ ಸುಮ್ಮನಿದ್ದರೆ ತಾನೆ!

ಸ್ಪರ್ಧೆಯ ದಿನ ವೇದಿಕೆಗಿಂತ ವಾಹನ ನಿಲ್ಲಿಸುವ ಬಯಲಲ್ಲೇ ಸಂಗೀತ ಜಾಸ್ತಿ. ಆರ್ವೆಲ್ ಅಜ್ಜ ತನ್ನ ಟ್ರಕ್ಕಿನ ಪಕ್ಕ ಕುರ್ಚಿ ಹಾಕಿ ಕೂತಿದ್ದ. "ಬಾ ಮಗು, ಒಂದು ಹಾಡು," ಎಂದ. ಹಿರಿಯರು ಕರೆದಾಗ ಇಲ್ಲವೆನ್ನುವ ರೂಢಿ ನಮ್ಮಲ್ಲಿಲ್ಲ. ಅಜ್ಜನ ಹಳೆಯ ಹಾಡಿಗೆ ದಪ್ಪ ತಂತಿ ಎರಡನ್ನೂ ಒಂದು ಸ್ವರ ಏರಿಸಬೇಕು. ಟೆನ್ಸಿ ಏರಿಸಿದಳು, ಇಬ್ಬರೂ ಮೈಮರೆತರು. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಅವಳ ಹೆಸರು ಕೂಗಿದರು. ಮೂರನೇ ಕೂಗಿಗೆ ವೇದಿಕೆ ಮೇಲಿಲ್ಲದವರು ಹೊರಗೆ. ನಾನೂ ಅವಳೂ ಬಿದ್ದಂಬೀಳ ಓಡಿದೆವು.

ತೀರ್ಪುಗಾರರು ಮುಚ್ಚಿದ ಗಾಡಿಯೊಳಗೆ ಕೂತು ಬರೀ ಕೇಳುತ್ತಾರೆ, ಯಾರ ಮುಖವನ್ನೂ ನೋಡುವುದಿಲ್ಲ. ಒಮ್ಮೆ ಕಮಾನು ತಂತಿಗೆ ತಾಗಿತೋ, ನಿಲ್ಲಿಸಿ ಮತ್ತೆ ಶುರು ಮಾಡುವ ಹಾಗಿಲ್ಲ.

ಟೆನ್ಸಿ ಕಮಾನು ಎಳೆದಳು. ಅಯ್ಯೋ ದೇವರೇ! ಅವಳ ಸ್ವರ ಒಂದು ಕಡೆ, ನನ್ನ ಗಿಟಾರ್ ಇನ್ನೊಂದು ಕಡೆ. ಏರಿಸಿದ ತಂತಿ ಇಳಿಸಲು ಹುಡುಗಿ ಮರೆತೇಬಿಟ್ಟಿದ್ದಳು. ಮುಂದಿನ ಸಾಲಲ್ಲಿ ರೂಫಸನ ತಂಗಿ ಮಗ ಕಿಸಕ್ಕನೆ ನಕ್ಕ. ಆ ಜಾಗ ಹೋಯಿತು, ಎಲ್ಲ ಮುಗಿಯಿತು ಅಂದುಕೊಂಡೆ.

ಅವಳು ಮಾತ್ರ ಕಮಾನು ಎತ್ತಲಿಲ್ಲ. ಆ ಎರಡು ದಪ್ಪ ತಂತಿಗಳನ್ನೇ ಒಟ್ಟಿಗೆ ಎಳೆಯುತ್ತ, ಇದೇ ಆರಂಭವೇನೋ ಎಂಬಂತೆ ಗುಂಯ್‌ಗುಡಿಸುತ್ತ, ನನ್ನ ಕಡೆ ತಿರುಗಿ 'ಅಜ್ಜನ ಹಾಡು' ಎಂದು ತುಟಿಯಾಡಿಸಿದಳು. ಗಿಟಾರಿನ ತಲೆಗೆ ಕಚ್ಚಿಸಿದ್ದ, ಶ್ರುತಿ ಏರಿಸುವ ಕ್ಲಿಪ್ಪನ್ನು ಕಿತ್ತು ಎರಡನೇ ಮನೆಯಲ್ಲಿ ತಂತಿಗಳಿಗೆ ಅಡ್ಡಲಾಗಿ ಒತ್ತಿದೆ. ನನ್ನ ಶ್ರುತಿಯೂ ಅಷ್ಟೇ ಏರಿತು. ತಾಳಕ್ಕೆ ಸರಿಯಾಗಿ ಸೇರಿಕೊಂಡೆ.

ಆಮೇಲೆ ನೋಡಿ! ಏರಿದ ತಂತಿಗಳು ಇಡೀ ಬಯಲು ತುಂಬುವಂತೆ ಮೊಳಗಿದವು. ಕೈಯಲ್ಲಿದ್ದ ಬೀನ್ಸ್ ಕಾಳಿನ ಸಾರಿನ ಬಟ್ಟಲು ಕೆಳಗಿಟ್ಟು ಮುದುಕಿಯರು ಕುಣಿಯಲೆಂದು ಹಾಸಿದ್ದ ಹಲಗೆ ಹತ್ತಿ ಹೆಜ್ಜೆ ಹಾಕಿದರು. ನಾನು ಅತ್ತುಬಿಟ್ಟೆ, ಅದರಲ್ಲೇನು ನಾಚಿಕೆ? ಮೊದಲ ಬಹುಮಾನದ ನೀಲಿ ರಿಬ್ಬನ್ ನಮ್ಮ ಹುಡುಗಿಗೇ ಬಂತು.

ರಿಬ್ಬನ್ ಹಿಡಿದು ಅವಳು ನೇರ ಅಜ್ಜನ ಬಳಿ ಓಡಿದಳು.

"ಕೇಳಿಸ್ತು, ಕೇಳಿಸ್ತು," ಅಂದ ಅಜ್ಜ. "ಎರಡನೇ ಭಾಗ ಓಡಿಸ್ಬಿಟ್ಯಲ್ಲ, ಯಾರು ಅಟ್ಟಿಸ್ಕೊಂಡು ಬಂದ್ರು?"

"ಹೆದರಿಕೆ ಆಯ್ತು ಅಜ್ಜ."

"ಸರಿ, ಈಗ ಹೆದರ್ದೇ ಬಾರ್ಸು."

ಮೂವರೂ ಶುರು ಮಾಡಿದೆವು. ಸ್ವಲ್ಪ ಹೊತ್ತಿಗೆ ಬ್ಯಾಂಜೊ ಹಿಡಿದು ರೂಫಸ್ ಬಂದ. ಬಯಲಲ್ಲಿ ನುಡಿಸುತ್ತಿರುವವರು ತಲೆಯಾಡಿಸಿ ಕರೆಯದೆ ಎಂಥ ದೊಡ್ಡ ವಾದ್ಯಗಾರನೂ ನಡುವೆ ನುಗ್ಗುವಂತಿಲ್ಲ. ಟೋಪಿ ತೆಗೆದು ಕಾದು ನಿಂತ. ಟೆನ್ಸಿ ನೋಡಿದಳು, ನೋಡಿಯೂ ಹಾಡನ್ನು ಮತ್ತೆ ಮೊದಲಿಂದ ಎತ್ತಿಕೊಂಡಳು.

"ಲೇ, ಕರಿಯೇ ಅವನ್ನ," ಎಂದು ತಿವಿದೆ.

"ಇರು ಚಿಕ್ಕಮ್ಮ, ಎರಡನೇ ಭಾಗ ಸರಿ ಮಾಡ್ಕೊತಿದೀನಿ."

ಸರಿಹೋದ ಮೇಲೆಯೇ ಅವಳು ತಲೆಯಾಡಿಸಿದ್ದು. ರೂಫಸ್ ಗಡಿಬಿಡಿಯಿಂದ ಒಳಬಂದು, ಅವಳ ಹಿಂದೆ ಮೆಲ್ಲಗೆ ನುಡಿಸಿದ. ಹಾಡು ಮುಗಿದಾಗ, "ಶುಕ್ರವಾರ ಆರಕ್ಕೆ ವ್ಯಾನ್ ಹೊರಡುತ್ತೆ. ಪಿಟೀಲು, ಮ್ಯಾಂಡೊಲಿನ್ ಎರಡೂ ತಗೊಂಡ್ ಬಾ," ಅಂದ.

"ಬರ್ತೀನಿ. ಈ ಹಾಡು ಹೋದಲ್ಲೆಲ್ಲ ಬಾರಿಸ್ತೀನಿ, ಅಜ್ಜನ ಹೆಸರು ಹೇಳಿ."

"ಆಗ್ಲಮ್ಮ."

ಪಿಟೀಲಿನ ತಂತಿ ಸರಿಮಾಡುತ್ತ ಈ ಮಾತನ್ನು ಕಿವಿಗೆ ಹಾಕಿಕೊಳ್ಳದಿದ್ದ ಆರ್ವೆಲ್ ಅಜ್ಜ ಆಗ ತಲೆಯೆತ್ತಿ, ಐವತ್ತು ದಾಟಿದ ರೂಫಸನನ್ನು ಮೇಲಿಂದ ಕೆಳಗೆ ನೋಡಿದ.

"ಬ್ಯಾಂಜೊ ಹುಡುಗ ಪರವಾಗಿಲ್ಲ ಕಣೇ ಟೆನ್ಸಿ," ಅಂದ. "ಜೊತೇಲಿ ಇಟ್ಕೋ."