ತಿಂಗಳ ಕೊನೆಯ ಉಪವಾಸಗಳು

ಮೊದಲು ಖಾಲಿಯಾದದ್ದು ನೀರಿನ ದುಡ್ಡು.

ಕೋಲಾರದಲ್ಲಿ ನಾವಿರುವ ಬೀದಿಯ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ. ಕುಡಿಯುವ ಸಿಹಿನೀರನ್ನು ಗಾಡಿಯವನು ತರುತ್ತಾನೆ, ಬಿಂದಿಗೆಗೆ ಇಷ್ಟು ಎಂದು. ಅವನಿಗಾಗಿ ಎತ್ತಿಟ್ಟ ದುಡ್ಡು ಎಂಬತ್ತೊಂದರ ಬೇಸಿಗೆಯಲ್ಲಿ ತಿಂಗಳ ನಡುವೆಯೇ ಮುಗಿಯಿತು. ಮುಂದಿನ ತಿಂಗಳು ಇನ್ನೂ ಬೇಗ ಮುಗಿಯಿತು. ಗಾಡಿಯವನು ಲೆಕ್ಕ ತಪ್ಪಿಸುತ್ತಿದ್ದಾನೆಂದು ನಾನು ಬಾಗಿಲಲ್ಲಿ ನಿಂತು ಜಗಳ ತೆಗೆದೆ.

“ಬಿಂದಿಗೆ ನಿಮ್ದು, ಕುಡಿಯೋ ಬಾಯಿನೂ ನಿಮ್ದೇ ಸಾರ್. ನಾನೇನು ಒಳಗೆ ಬಂದು ಕುಡೀತೀನಾ?” ಎಂದ.

ಕುಡಿಯುತ್ತಿದ್ದವಳು ಅಕ್ಕ.

ಚೊಂಬಿನ ಮೇಲೆ ಚೊಂಬು ಕುಡಿಯುತ್ತಿದ್ದಳು. ಕುಡಿದಷ್ಟೂ ಬಚ್ಚಲಿಗೆ ಹೋಗುತ್ತಿದ್ದಳು. ರವಿಕೆಯ ತೋಳು ಸಡಿಲವಾಗಿತ್ತು. ಇದನ್ನೆಲ್ಲ ನಾನು ಆಗಲೇ ಗಮನಿಸಿದ್ದೆನೋ, ಕಾಯಿಲೆಯ ಹೆಸರು ತಿಳಿದ ಮೇಲೆ ನೆನಪಿಗೆ ಸೇರಿಸಿಕೊಂಡೆನೋ ಹೇಳಲಾರೆ. ನನ್ನ ನೆನಪು ತನಗೆ ಅನುಕೂಲವಾದದ್ದನ್ನು ಮುಂದೆ ತಂದು ನಿಲ್ಲಿಸುತ್ತದೆ. ನನ್ನ ಹೆಂಡತಿ ಸರೋಜ ಎರಡು ಸಲ ಹೇಳಿದ್ದಳಂತೆ, ನಾನು “ಬೇಸಿಗೆ ಅಲ್ವಾ” ಎಂದಿದ್ದೆನಂತೆ. ಇರಬಹುದು.

ಅಕ್ಕನ ಹೆಸರು ಮುನಿರತ್ನಮ್ಮ. ನನಗಿಂತ ಹತ್ತು ವರ್ಷ ದೊಡ್ಡವಳು. ಹುತ್ತೂರಿನ ಹತ್ತಿರ ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಗಂಡ ತೀರಿಕೊಂಡ ಮೇಲೆ ಅಕ್ಕ ಅಲ್ಲಿಗೇ ಹಿಂದಿರುಗಿ, ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ಆ ಗೂಡಿನ ದುಡ್ಡಿನಲ್ಲಿ ನನ್ನನ್ನು ಎಂ.ಎ. ತನಕ ಓದಿಸಿದಳು. ಕೋಲಾರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಕೆಲಸ ನನಗೆ ಸಿಕ್ಕಾಗ ಜೊತೆಗೇ ಬಂದಳು. ಮನೆಯ ದುಡ್ಡು ಅವಳ ಕೈಯಲ್ಲಿತ್ತು. ಮದುವೆಯಾಗಿ ರಾಯಲ್ಪಾಡಿನಿಂದ ಬಂದ ಸರೋಜಳಿಗೂ ಅದರಲ್ಲಿ ಬೇಸರವಿರಲಿಲ್ಲ. ತನ್ನ ತೆಲುಗಿನ ರೂಢಿಯಂತೆ ಅಕ್ಕನನ್ನು “ವದಿನಾ”, ಅಂದರೆ ಅತ್ತಿಗೆ, ಎನ್ನುತ್ತಾಳೆ, ಅವಳ ಮುಂದೆ ನನ್ನನ್ನು ಆಡಿಕೊಳ್ಳುತ್ತಾಳೆ.

ಬಾಡಿಗೆಗೆ ಇಷ್ಟು ಪಾಲು, ಊಟಕ್ಕೆ ಇಷ್ಟು ಪಾಲು ಎಂದು ಸಂಬಳವನ್ನು ಹಂಚಿಕೊಟ್ಟವನು ನಾನು. ಅದನ್ನು ನಡೆಸಿದವಳು ಅಕ್ಕ. ಒಂದನೇ ತಾರೀಖು ಹಳೇ ಸೀರೆಯ ಚೂರುಗಳನ್ನು ಹರಡಿಕೊಂಡು ಒಂದೊಂದು ಖರ್ಚಿಗೆ ಒಂದೊಂದು ಗಂಟು ಕಟ್ಟುತ್ತಿದ್ದಳು. ಒಂದು ಗಂಟಿನ ದುಡ್ಡು ಇನ್ನೊಂದಕ್ಕೆ ಹೋಗಕೂಡದು. ಅಂಗಡಿಯಲ್ಲಿ ಬರೆಸಕೂಡದು. ಯಾರ ಮನೆಯಲ್ಲೂ ಕೈಸಾಲ ಕೇಳಕೂಡದು. ತೋಟದಲ್ಲಿ ಎಷ್ಟು ಸೊಪ್ಪಿದೆಯೋ ಅಷ್ಟೇ ಹುಳು ಸಾಕಬೇಕು ಎಂದು ಬೆಳೆದವಳು. ಸೊಪ್ಪು ಸಾಲದೆ ಹುಳು ಸತ್ತ ಮನೆಗಳನ್ನು ನೋಡಿದ್ದಳು.

ಡಾಕ್ಟರ್ ರಕ್ತ, ಮೂತ್ರ ನೋಡಿ ಶುಗರ್ ಎಂದರು. ಮಾತ್ರೆಗೆ ಬಗ್ಗುವುದಲ್ಲ, ದಿನವೂ ಇನ್ಸುಲಿನ್ ಬೇಕು ಎಂದರು.

“ಎಷ್ಟು ದಿನ ಹಾಕ್ಕೋಬೇಕು ಸಾರ್?” ಅಕ್ಕ ಕೇಳಿದಳು.

“ಇರೋವರೆಗೂ ಅಮ್ಮಾ.”

ಅಕ್ಕ ತಲೆಯಾಡಿಸಿದಳು. ಹೊರಗೆ ಬಂದು ಬೆಂಚಿನ ಮೇಲೆ ಕೂತಳು. “ಇದಕ್ಕೆ ಯಾವ ಖರ್ಚಲ್ಲಿ ಕಡಿತ ಮಾಡೋದು ಸೀನ?” ಎಂದಳು. ಕಾಯಿಲೆಯ ಬಗ್ಗೆ ಅವಳು ಆಡಿದ ಮೊದಲ ಮಾತು ಅದು.

ಹಾಲಿನ ದುಡ್ಡಿನಲ್ಲಿ ಕಡಿತ ಮಾಡಿದೆವು. ಅಕ್ಕಿ ಕಡಿಮೆ ಮಾಡಿ ರಾಗಿ ಹೆಚ್ಚಿಸಿದೆವು. ಹೊಸದೊಂದು ಗಂಟು ಹುಟ್ಟಿತು. ಅದರಿಂದ ತಿಂಗಳಿಗೆ ಇಷ್ಟೇ ಬಾಟಲಿ ಎಂದು ನಿಶ್ಚಯವಾಯಿತು, ಸಿರಿಂಜಿನ ಸೂಜಿ, ಸ್ಪಿರಿಟ್ಟು ಬೇರೆ. ಫ್ರಿಜ್ ಇರಲಿಲ್ಲ. ಒದ್ದೆ ಮರಳು ತುಂಬಿದ ಕುಡಿಕೆಯಲ್ಲಿ ಬಾಟಲಿಯನ್ನು ಹೂತಿಡುತ್ತಿದ್ದೆವು. ಗಾಜಿನ ಸಿರಿಂಜನ್ನು ಸರೋಜ ಕುದಿಸುತ್ತಿದ್ದಳು. ಸಕ್ಕರೆ ಎಷ್ಟಿದೆಯೆಂದು ತಿಳಿಯಲು ನೀಲಿ ದ್ರಾವಣಕ್ಕೆ ಮೂತ್ರದ ಹನಿ ಹಾಕಿ ಕಾಯಿಸುವುದು ನನ್ನ ಕೆಲಸ. ನೀಲಿಯಾಗಿಯೇ ಉಳಿದರೆ ಒಳ್ಳೆಯದು. ಹಸಿರು ಪರವಾಗಿಲ್ಲ. ಇಟ್ಟಿಗೆಯ ಬಣ್ಣ ಬಂದರೆ ಅಕ್ಕ ಮುಖ ತಿರುಗಿಸುತ್ತಿದ್ದಳು, ಯಾರೋ ಅವಳ ಮೇಲೆ ಚಾಡಿ ಹೇಳಿದ ಹಾಗೆ.

ಒಂದು ಶನಿವಾರ, ಇಂಜೆಕ್ಷನ್ ಹಾಕಿಸಿಕೊಂಡ ಮೇಲೆ ಅಕ್ಕ ಏನೂ ತಿನ್ನಲಿಲ್ಲ. ಶನಿವಾರದ ಉಪವಾಸ ಅವಳಿಗೆ ಹಳೆಯ ಅಭ್ಯಾಸ. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ. ನನ್ನನ್ನು ಅಪ್ಪನ ಹೆಸರಿನಿಂದ ಕರೆದಳು. ಸರೋಜ ಅವಳ ಬಾಯಿಗೆ ಬೆಲ್ಲದ ಪುಡಿ ತುರುಕಿದಳು. ಹಾಗೆ ಬದುಕಿಕೊಂಡಳು.

ಡಾಕ್ಟರ ಹತ್ತಿರ ಹೋದೆವು. ಅವರು ಅಂದು ಹೇಳಿದ್ದೇನು? ಊಟವಿಲ್ಲದಿದ್ದರೆ ಇಂಜೆಕ್ಷನ್ ಬೇಡ ಎಂದರು, ಇದು ನನ್ನ ನೆನಪು. ಇಂಜೆಕ್ಷನ್ ಹಾಕಿದ ಮೇಲೆ ಊಟ ಬಿಡಬೇಡಿ, ಉಪವಾಸವನ್ನೇ ನಿಲ್ಲಿಸಿ ಎಂದರು, ಇದು ಸರೋಜಳ ನೆನಪು. ಇವೆರಡರ ನಡುವೆ ಎಷ್ಟು ದೂರವಿದೆ ಎಂದು ಆಗ ಗೊತ್ತಿರಲಿಲ್ಲ. ಅಕ್ಕ ನನ್ನ ನೆನಪನ್ನು ಆರಿಸಿಕೊಂಡಳು. ನನಗೂ ಅದು ತರ್ಕಬದ್ಧವಾಗಿ ಕಂಡಿತು. ತಿಂದರೆ ತಾನೇ ಸಕ್ಕರೆ, ಸಕ್ಕರೆಯಿದ್ದರೆ ತಾನೇ ಔಷಧ?

“ಹುಳ ಪೊರೆ ಬಿಡೋಕೆ ಕೂತಾಗ ಸೊಪ್ಪು ಹಾಕ್ತೀವಾ? ಹಾಕಿದ್ರೆ ದಂಡ. ಇದೂ ಹಂಗೇ ಕಣೋ” ಎಂದಳು ಅಕ್ಕ.

ಆಮೇಲೆ ಶನಿವಾರಗಳು ಇಂಜೆಕ್ಷನ್ ಇಲ್ಲದ ದಿನಗಳಾದವು. ಆ ತಿಂಗಳು ಬಾಟಲಿಯಲ್ಲಿ ಸಂಬಳದ ದಿನಕ್ಕೂ ನಾಲ್ಕು ಹನಿ ಉಳಿದಿತ್ತು. ಅಕ್ಕ ಅದನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದಳು. ಅವಳ ಮುಖದಲ್ಲಿದ್ದ ಗೆಲುವು ನನಗೆ ಚೆನ್ನಾಗಿ ನೆನಪಿದೆ, ಅಥವಾ ನೆನಪಿದೆ ಎಂದುಕೊಂಡಿದ್ದೇನೆ.

ಬೆಲೆ ಏರಿತು. ಸೀಮೆಎಣ್ಣೆಗೂ ಏರಿತು, ಎಣ್ಣೆಗೂ ಏರಿತು, ಇನ್ಸುಲಿನ್‌ಗೂ ಏರಿತು. ಸಂಬಳ ಅಷ್ಟೇ ಇತ್ತು. ಆದರೂ ಗಂಟುಗಳು ತಿಂಗಳು ದಾಟುತ್ತಿದ್ದವು. ಕಾಲೇಜಿನಲ್ಲಿ ಕುಟುಂಬದ ಆದಾಯ, ವೆಚ್ಚ ಎಂದು ಪಾಠ ಹೇಳುವಾಗ ನನ್ನ ಮನೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದೆ. ಅದು ಹೇಗೆ ಸರಿಹೋಗುತ್ತಿದೆ ಎಂದು ಕೇಳಲಿಲ್ಲ. ಶನಿವಾರದ ಜೊತೆಗೆ ಸೋಮವಾರ ಬಂತು. ಏಕಾದಶಿ ಬಂತು. ಸಂಕಷ್ಟಿಯೂ ಸೇರಿತು. ದೇವರನ್ನು ನಂಬದ ನಾನು ಅಕ್ಕನ ಜೊತೆ ದೇವರ ವಿಷಯ ವಾದ ಮಾಡುವುದನ್ನು ಎಂದೋ ಬಿಟ್ಟಿದ್ದೆ. ಅದನ್ನು ಸೌಜನ್ಯ ಎಂದುಕೊಂಡಿದ್ದೆ.

“ಅದೇನು ವದಿನಾ, ನಿಮ್ಮ ಹೊಸ ದೇವರೆಲ್ಲಾ ಇಪ್ಪತ್ತನೇ ತಾರೀಖು ಆದ್ಮೇಲೇ ಬರ್ತಾರಲ್ಲ? ಒಂದನೇ ತಾರೀಖು ಅವರಿಗೆ ರಜಾನಾ?” ಸರೋಜ ಒಮ್ಮೆ ಕೇಳಿದಳು.

“ಬಾಯಿ ಮುಚ್ಚೇ. ಒಲೆ ನೋಡು” ಎಂದು ಅಕ್ಕ ನಕ್ಕಳು.

ನಾನೂ ನಕ್ಕೆ.

ಚಳಿಗಾಲದಲ್ಲಿ ಅಕ್ಕನಿಗೆ ಜ್ವರ ಬಂತು. ಊರಲ್ಲಿ ಎಲ್ಲರಿಗೂ ಬಂದಿದ್ದ ಜ್ವರವೇ. ತಿಂಗಳ ಕೊನೆ. ಬಾಯಿಗೆ ಏನೂ ಸೇರುತ್ತಿರಲಿಲ್ಲ, ಗಂಜಿ ಕುಡಿದರೂ ವಾಂತಿ. ಊಟವಿಲ್ಲ ಎಂದು ಇಂಜೆಕ್ಷನ್ ಬೇಡವೆಂದಳು. ಸರೋಜ ಸಿರಿಂಜ್ ಕುದಿಸಿಕೊಂಡು ಬಂದರೆ ಕೈ ಹಿಂದಕ್ಕೆ ಎಳೆದುಕೊಂಡಳು.

“ತಿನ್ನದೆ ಹಾಕ್ಕೊಂಡು ಆವತ್ತಿನ ಹಂಗೆ ಬೀಳ್ಲಾ? ಬಿಡೇ, ಔಷಧಾನಾದ್ರೂ ಉಳೀತದೆ.”

ಸರೋಜ ನನ್ನ ಮುಖ ನೋಡಿದಳು. ನಾನು ಏನೆಂದೆ? ನಾನು ಏನೂ ಹೇಳಲಿಲ್ಲ ಎನ್ನುತ್ತಾಳೆ ಅವಳು.

ಎರಡು ದಿನಕ್ಕೆ ಜ್ವರ ಇಳಿಯಿತು. ಗುಣವಾಗುತ್ತಿದ್ದಾಳೆ ಎಂದುಕೊಂಡೆವು. ಮಾರನೇ ಬೆಳಿಗ್ಗೆ ಅವಳ ಉಸಿರು ಬೇರೆಯಾಗಿತ್ತು. ಆಳವಾಗಿ, ಓಡಿ ಬಂದವಳ ಹಾಗೆ ಎಳೆದುಕೊಳ್ಳುತ್ತಿದ್ದಳು. ಹತ್ತಿರ ಬಗ್ಗಿದರೆ ಬಾಯಿಂದ ಕೊಳೆತ ಮಾವಿನ ಹಣ್ಣಿನ ವಾಸನೆ. ಮಾವಿನ ಊರಿನವಳಾದ ಸರೋಜ ಮೂಗು ಮುಚ್ಚಿಕೊಂಡು ಆಚೆ ಓಡಿ ಜಟಕಾ ಕರೆದಳು.

ಎಷ್ಟು ಕರೆದರೂ ಅಕ್ಕ ಕಣ್ಣು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರ್ ನೇರವಾಗಿ ಕೇಳಿದರು. “ಇನ್ಸುಲಿನ್ ಯಾವಾಗ ನಿಲ್ಲಿಸಿದ್ರಿ?”

“ಊಟ ಮಾಡ್ತಿರ್ಲಿಲ್ಲ ಸಾರ್, ಅದಕ್ಕೆ...”

“ಊಟ ಮಾಡದಿದ್ರೂ ಬೇಕು ರೀ. ಜ್ವರ ಬಂದಾಗ ಇನ್ನೂ ಹೆಚ್ಚು ಬೇಕು. ಇಲ್ದಿದ್ರೆ ಮೈ ತನ್ನನ್ನೇ ತಿನ್ನುತ್ತೆ. ಓದಿದವರು ನೀವು, ಒಂದು ಮಾತು ಬಂದು ಕೇಳೋದಲ್ವಾ?”

ಡ್ರಿಪ್ ಹಾಕಿದರು. ಗಂಟೆಗಂಟೆಗೂ ಇನ್ಸುಲಿನ್ ಕೊಟ್ಟರು. ಬದುಕುತ್ತಾಳೆಯೇ ಎಂದು ಕೇಳಿದ್ದಕ್ಕೆ ನರ್ಸ್ “ನೋಡೋಣ” ಎಂದರು. ವಾರ್ಡಿನ ಹೊರಗಿನ ಹುಣಸೆ ಮರದ ಕೆಳಗೆ ರೋಗಿಗಳ ಕಡೆಯವರು ಮೂರು ಕಲ್ಲಿಟ್ಟು ಅಡುಗೆ ಮಾಡಿಕೊಳ್ಳುತ್ತಿದ್ದರು. ಅಲ್ಲಿ ಕೂತು ನಾನು ತಿಂಗಳುಗಳನ್ನು ಹಿಂದಕ್ಕೆ ಎಣಿಸಿದೆ. ಬೆಲೆ ಏರಿದ್ದು ಯಾವಾಗ, ಸೋಮವಾರ ಶುರುವಾದದ್ದು ಯಾವಾಗ, ಏಕಾದಶಿ ಯಾವಾಗ. ಎಷ್ಟು ಖಚಿತವಾಗಿ ನೆನಪಿಸಿಕೊಂಡೆನೋ ತಿಳಿಯದು, ಆದರೆ ಅವು ಒಂದರ ಹಿಂದೆ ಒಂದು ಬಂದು ನಿಂತವು. ಸಾಮಾನಿನ ಬೆಲೆ ಏರಿದಾಗಲೆಲ್ಲ ಒಬ್ಬ ದೇವರು ಹೆಚ್ಚಾಗಿದ್ದ. ನಮ್ಮ ಗಂಟುಗಳು ತಿಂಗಳು ದಾಟುತ್ತಿದ್ದದ್ದು ಅಕ್ಕನ ಮೈ ತಿಂದು.

ಅವಳು ಕಣ್ಣು ಬಿಟ್ಟದ್ದು ಮೂರನೆಯ ದಿನವೋ ನಾಲ್ಕನೆಯ ದಿನವೋ. ನೀರು ಕೇಳಿದಳು. ಆಮೇಲೆ ಕೈಗೆ ಹಾಕಿದ್ದ ಡ್ರಿಪ್ಪಿನ ಬಾಟಲಿಯನ್ನು ನೋಡಿ, “ಇದಕ್ಕೆಷ್ಟಂತೆ?” ಎಂದಳು.

ಸರೋಜ ಅತ್ತುಬಿಟ್ಟಳು. ಸಿಟ್ಟಿನಿಂದ ಅತ್ತಳು.

ಮನೆಗೆ ಬಂದ ಅಕ್ಕ ಅರ್ಧ ಆಳಾಗಿದ್ದಳು. ಗೋಡೆ ಹಿಡಿದು ನಡೆಯುತ್ತಿದ್ದಳು. ಕಣ್ಣು ಮಂಜಾಗಿ ಅಕ್ಕಿಯ ಕಲ್ಲು ಆರಿಸಲು ಆಗುತ್ತಿರಲಿಲ್ಲ. ಪೂರ್ತಿ ಡೋಸ್, ದಿನವೂ, ಎಂದು ಡಾಕ್ಟರ್ ಹೇಳಿ ಕಳಿಸಿದ್ದರು. ಅದಕ್ಕಾಗುವ ಖರ್ಚನ್ನು ಕೇಳಿದೊಡನೆ ಅಕ್ಕ ಮೊಂಡು ಹಿಡಿದಳು.

“ನನ್ನೊಬ್ಬಳಿಗೆ ಇಷ್ಟು ಸುರಿದ್ರೆ ನೀವಿಬ್ರೂ ಏನು ತಿಂತೀರ್ಲಾ? ವಯಸ್ಸಾದೋಳು ನಾನು. ಆದಷ್ಟು ದಿನ ಆಗ್ಲಿ.”

ಅವಳಿಗಾಗ ನಲವತ್ತೈದು ತುಂಬಿರಲಿಲ್ಲ.

ನಾನು ವಾದ ಮಾಡಿದೆ. ದೇಹ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಿದೆ. ಅಕ್ಕ ಸುಮ್ಮನೆ ಕೇಳಿದಳು, ಪರೀಕ್ಷೆಗೆ ಓದುವಾಗ ನಾನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ ಪಾಠವನ್ನು ಕೇಳುತ್ತಿದ್ದಂತೆ. ಏನೂ ನಾಟಲಿಲ್ಲ. ಸರೋಜ ಒಳಗಿಂದ ಬಂದಳು.

“ನೀವು ಹೋದ್ರೆ ಹನ್ನೊಂದನೇ ದಿನಕ್ಕೆ ಎಷ್ಟಾಗತ್ತೆ ಗೊತ್ತಾ ವದಿನಾ? ಹುತ್ತೂರಿಂದ ಒಂದು ಬಸ್ಸು ಜನ ಬರ್ತಾರೆ, ನಮ್ಮೂರಿಂದ ಇನ್ನೊಂದು ಬಸ್ಸು. ಅದಕ್ಕೆ ಯಾವ ಗಂಟೂ ಇಲ್ಲ. ಇನ್ಸುಲಿನ್ನೇ ಅಗ್ಗ.”

ಅಕ್ಕ ಅವಳನ್ನೇ ನೋಡಿದಳು. “ಬಾಯಿ ನೋಡು ಇವಳದ್ದು” ಎಂದಳು. ಆಮೇಲೆ ತೋಳು ಮುಂದೆ ಚಾಚಿದಳು.

ಆ ಒಂದನೇ ತಾರೀಖು ಸೀರೆಯ ಚೂರುಗಳನ್ನು ಸರೋಜ ತನ್ನ ಮುಂದೆ ಹರಡಿಕೊಂಡಳು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಇನ್ಸುಲಿನ್‌ನ ಗಂಟು ಮೊದಲು, ಉಳಿದದ್ದರಲ್ಲಿ ಮಿಕ್ಕವು. ಸಾಲಲಿಲ್ಲ. ಬೀದಿಗಿದ್ದ ಮುಂದಿನ ಕೋಣೆಯನ್ನು ಮನೆಯ ಓನರ್‌ಗೆ ಹಿಂದಿರುಗಿಸಿ ಬಾಡಿಗೆ ಇಳಿಸಿಕೊಂಡೆವು. ಅದು ನಾನು ಓದುತ್ತಿದ್ದ ಕೋಣೆ. ಪುಸ್ತಕಗಳು ಈಗ ಮಂಚದ ಕೆಳಗಿವೆ, ಒಂದು ಬೇಕಾದರೆ ಅಂಗಾತ ಮಲಗಿ ಎಳೆಯಬೇಕು. ಸಿಗರೇಟು ಬಿಟ್ಟೆ, ಬಹುಮಟ್ಟಿಗೆ. ಅಕ್ಕನ ಕೈಯಿಂದ ಗಂಟುಗಳು ಹೋದದ್ದು ಅವಳನ್ನು ಜ್ವರಕ್ಕಿಂತ ಹೆಚ್ಚು ಸೊರಗಿಸಿತೆಂದು ನನಗನ್ನಿಸುತ್ತಿತ್ತು. ಮಾತು ಕಡಿಮೆಯಾಯಿತು. ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದಳು, ಬೇರೆಯವರ ಮನೆಯಲ್ಲಿ ಊಟಕ್ಕೆ ಕೂತವಳಂತೆ. ಯಾವಾಗ ಮತ್ತೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೋ ಎಂಬ ಹೆದರಿಕೆ ನಮ್ಮಿಬ್ಬರಿಗೂ ಹೋಗಿರಲಿಲ್ಲ.

ಹೋದ ತಿಂಗಳು ಬಾಟಲಿ ಸರೋಜಳ ಕೈಯಿಂದ ಜಾರಿ ಒಡೆಯಿತು. ಸಂಬಳಕ್ಕೆ ಇನ್ನೂ ಒಂದು ವಾರವಿತ್ತು. ನಾನು ಪರೀಕ್ಷೆಯ ಕೆಲಸಕ್ಕೆ ಮಾಲೂರಿಗೆ ಹೋಗಿದ್ದೆ. ಸಂಜೆ ಬಂದಾಗ ಸರೋಜ ನಡೆದದ್ದನ್ನು ಹೇಳಿದಳು. ಅವಳು ನೆಲದ ಮೇಲಿನ ಗಾಜು ನೋಡುತ್ತ ನಿಂತಿದ್ದಾಗ ಅಕ್ಕ ಎದ್ದು, ಗೋಡೆ ಹಿಡಿದುಕೊಂಡು ಬಾಗಿಲು ದಾಟಿ, ಎದುರು ಮನೆಯ ಮೇಷ್ಟರ ಹೆಂಡತಿಯ ಹತ್ತಿರ ಹೋಗಿ ದುಡ್ಡು ಕೇಳಿ ತಂದಿದ್ದಳು.

ಹುತ್ತೂರಿನಲ್ಲಿ ಬೆಳೆಯೆಲ್ಲ ಹಾಳಾಗಿ ಗೂಡಿಲ್ಲದ ವರ್ಷವೂ ಯಾರನ್ನೂ ಕೇಳದಿದ್ದವಳು.

ನಾನು ಅವಳ ಪಕ್ಕ ಕೂತೆ. ಹೊಸ ಬಾಟಲಿ ಬಂದಿತ್ತು, ಸಂಜೆಯ ಇಂಜೆಕ್ಷನ್ ಆಗಿತ್ತು.

“ಏನಂತ ಕೇಳ್ದೆ ಅಕ್ಕಾ?”

“ಏನಂತಾರೆ? ಬರೋ ತಿಂಗಳು ಕೊಡ್ತೀನಿ ಅಂದೆ.” ಸೆರಗು ಸರಿಪಡಿಸಿಕೊಂಡಳು. “ಅಂದ್ಮೇಲೆ ಬರೋ ತಿಂಗಳು ಇರ್ಬೇಕಲ್ಲಪ್ಪಾ.”

ಈ ಒಂದನೇ ತಾರೀಖು ಸರೋಜ ಒಂದು ಗಂಟು ಹೆಚ್ಚಿಗೆ ಕಟ್ಟಿದಳು. ಅದನ್ನು ಎದುರು ಮನೆಗೆ ಅಕ್ಕನೇ ತೆಗೆದುಕೊಂಡು ಹೋದಳು.