ಮೆಹಬೂಬಿಯ ಅರ್ಜಿ

ನನಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಬರುತ್ತದೆಂದು ನಟಿಸಿದೆ; ಆಮೇಲೆ ಕೋರ್ಟಿನಲ್ಲಿ ಸುಳ್ಳನ್ನೂ ಹೇಳಿದೆ — ಅದರಿಂದ ಮೆಹಬೂಬಿ ಎಂಬ ಹೆಣ್ಣುಮಗಳು ಹುಟ್ಟಿದೂರು ಕಳೆದುಕೊಂಡಳು. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿಲ್ಲ.

ಹುಮನಾಬಾದಿನ ಕಚೇರಿಯ ಎದುರು ನಾನು ಅರ್ಜಿ ಬರೆದುಕೊಡುತ್ತಿದ್ದೆ. ನಿಜಾಮರ ಕಾಲದಲ್ಲಿ ಎಲ್ಲವೂ ಉರ್ದುವಿನಲ್ಲಿ. ನನ್ನ ಅಕ್ಷರ ನೋಡಿ ವಕೀಲರೂ ತಲೆದೂಗುತ್ತಿದ್ದರು. ಆ ಆಳ್ವಿಕೆ ಮುಗಿದ ಮರುವರ್ಷ ಹೊಸ ಕಾನೂನು ಬಂತು. ಪಾಕಿಸ್ತಾನಕ್ಕೆ ಹೋಗಿ ಮರಳಿದವರಿಗೆ ಪರ್ಮಿಟ್ ಬೇಕು; ಅವಧಿ ಮುಗಿಯುವುದರೊಳಗೆ ಹೊರಡಬೇಕು, ಇಲ್ಲವೇ ಕಾಯಂ ಇರಲು ಅರ್ಜಿ ಹಾಕಬೇಕು. ಅಚ್ಚಾದ ಅರ್ಜಿಗಳು ಇಂಗ್ಲಿಷಿನಲ್ಲಿದ್ದವು. ನನಗೆ ಬರುವುದಿಲ್ಲ ಎಂದು ಅಂದೇ ಹೇಳಿದ್ದರೆ — ಹೇಳಲಿಲ್ಲ. ನಾಲ್ಕು ಅಕ್ಷರ ಕಲಿತು, ಕನ್ನಡಕ ಏರಿಸಿಕೊಂಡು ಕುಳಿತೆ. ಜನ ‘ಮುನಶಿಯವರೇ’ ಎಂದು ಕರೆಯುವ ಸುಖ ಬಿಡಲಾಗಲಿಲ್ಲ.

ಮೆಹಬೂಬಿ ಕಲ್ಯಾಣದವಳು. ಅವಳ ತಾಯಿ ಬಳೆ ಮಾರುವಾಕೆ. ನನ್ನ ಹೆಂಡತಿಗೆ ಮದುವೆಯ ಬಳೆ ತೊಡಿಸಿದ್ದೂ ಆಕೆಯೇ. ನಿಜಾಮರ ಆಳ್ವಿಕೆ ಮುಗಿದ ಗಲಾಟೆಯ ದಿನಗಳಲ್ಲಿ ಗಂಡ ಮೆಹಬೂಬಿಯನ್ನು ಕರಾಚಿಗೆ ಕರೆದೊಯ್ದಿದ್ದ. ಅಲ್ಲಿ ಜ್ವರ ಬಂದು ತೀರಿಕೊಂಡ. ಮೂರು ತಿಂಗಳ ಪರ್ಮಿಟ್ ಹಿಡಿದು ಅವಳು ಒಬ್ಬಳೇ ತಾಯಿಯ ಬಳಿಗೆ ಬಂದಿದ್ದಳು.

“ಮುನಶಿಯವರೇ, ನಾ ಅಮ್ಮೀನ ನೋಡಿ ಹೋಗಾಕ ಬಂದಿಲ್ರಿ. ಇಲ್ಲೇ ಇರಾಕ ಬಂದೀನಿ. ಹಂಗಂತ ಬರೀರಿ” ಎಂದಳು.

ಅರ್ಜಿಯಲ್ಲಿ ಎರಡು ಸಾಲು. ಒಂದು, ಕಾಯಂ ನೆಲೆಸಲು. ಇನ್ನೊಂದು, ಕೆಲವು ದಿನ ಹೆಚ್ಚಿಗೆ ಇದ್ದು ಹೋಗಲು. ಬೇಡದ್ದನ್ನು ಹೊಡೆದುಹಾಕಬೇಕು. ಯಾವುದು ಯಾವ ಸಾಲೆಂದು ನನಗೆ ಓದಲಾಗಲಿಲ್ಲ. ಇಂಗ್ಲಿಷ್ ಬಲ್ಲ ಗುಮಾಸ್ತ ಒಳಗೇ ಇದ್ದ, ಕೇಳಬಹುದಿತ್ತು. ಅವಳು ನೋಡುತ್ತಿದ್ದಳು — ಕೇಳಲಿಲ್ಲ. ಒಂದು ಸಾಲಿನ ಮೇಲೆ ಗೆರೆ ಎಳೆದೆ. ಅವಳು ಹೆಬ್ಬೆಟ್ಟು ಒತ್ತಿದಳು.

ಹೆಚ್ಚಿಗೆ ಸಿಕ್ಕ ದಿನಗಳೂ ಮುಗಿದಾಗ ಅವಳನ್ನು ಹಿಡಿದು ಕೋರ್ಟಿಗೆ ತಂದರು. ತಿರುಗಿ ಹೋಗುತ್ತೇನೆಂದು ನೀನೇ ಬರೆಸಿದ್ದೀಯಲ್ಲ ಎಂದರು ಮ್ಯಾಜಿಸ್ಟ್ರೇಟರು. ಅರ್ಜಿ ಬರೆದವನೆಂದು ನನ್ನನ್ನು ಕರೆಸಿದರು.

“ಅರ್ಜಿ ಇವಳಿಗೆ ಓದಿ ಹೇಳಿದ್ರೇನು?”

ನನ್ನನ್ನು ಬಲ್ಲ ವಕೀಲರೆಲ್ಲ ಅಲ್ಲಿದ್ದರು. “ಹೌದ್ರಿ ಸಾಹೇಬ್ರ, ಓದಿ ಹೇಳೀನ್ರಿ.”

ಅವಳನ್ನೂ ಕೇಳಿದರು. ಅವಳು ನನ್ನ ಮುಖವನ್ನೇ ನೋಡಿದಳು. “ಅವ್ರು ಓದೀನಿ ಅಂದ್ರ ಓದಿರ್ಬೇಕ್ರಿ. ನಂಗ ನೆನಪಿಲ್ಲ.”

ನೆನಪಿಲ್ಲದೆ ಇದ್ದೀತೆ? ನಂಬಿಕೆಯೋ, ನನ್ನ ಮಾನ ಕಾಯುವ ದಯೆಯೋ — ಇಂದಿಗೂ ತಿಳಿಯದು. ಅದೇ ವಾರ ಪೊಲೀಸರು ಅವಳನ್ನು ಗಡಿಯ ಕಡೆಗೆ ಒಯ್ದರು.

ಕೆಲವು ದಿನ ಬಿಟ್ಟು ಅವಳ ತಾಯಿ ಕಲ್ಯಾಣದಿಂದ ಬಂದಳು. ಬೈಯುತ್ತಾಳೆಂದು ತಲೆ ತಗ್ಗಿಸಿದೆ. ಆಕೆ ನನ್ನೆದುರು ನೆಲದ ಮೇಲೆ ಕೂತು, “ಇನ್ನೊಂದು ಅರ್ಜಿ ಬರೀರಿ ಮುನಶಿಯವರೇ. ಬ್ಯಾರೆಯವ್ರ ಕೈಲೆ ಬರಸಾಕ ಮನಸ್ಸಾಗವಲ್ದು” ಎಂದಳು.

ಮೇಲಿನ ಕೋರ್ಟಿಗೆ ಹೋಗಲು ಇನ್ನೂ ದಿನಗಳಿದ್ದವು. ನಾನು ಹೋಗಿ ನಿಂತು, ತಪ್ಪು ನನ್ನದು ಎಂದಿದ್ದರೆ...

“ಇನ್ನ ಏನೂ ಮಾಡಾಕ ಬರಂಗಿಲ್ಲವ್ವ” ಎಂದೆ.

ಆಕೆ ತಲೆಯಾಡಿಸಿ, ಗೋಡೆ ಹಿಡಿದು ಎದ್ದು ಹೋದಳು. ಎರಡು ವರ್ಷಕ್ಕೆ ತೀರಿಕೊಂಡಳು. ಮಣ್ಣಿಗೆ ಹೋಗಿದ್ದೆ. ಖಬರಸ್ತಾನದ ಬಾಗಿಲಲ್ಲಿ ಯಾರೋ ಕೇಳಿದರು: “ಮಗಳಿಗೆ ತಿಳಸಬೇಕಲ್ಲ, ಆಕಿ ಪತ್ತಾ ಯಾರಿಗರ ಗೊತ್ತದ ಏನ್ರಿ?”

ಯಾರಿಗೂ ಗೊತ್ತಿರಲಿಲ್ಲ.